ತೌಡು ಕುಟ್ಟಿದ ಸರ್ಜನ್

ಐರ್ಲೆಂಡಿನ ಫರ್ಮ್ಯಾನಾ ಜಿಲ್ಲೆಯಲ್ಲಿ ರಸ್ತೆ, ಸೇತುವೆಗಳ ಉಸ್ತುವಾರಿ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರಿದ್ದರು. ಹೆಸರು ಜೇಮ್ಸ್ ಪಾರ್ಸನ್ಸ್ ಬರ್ಕಿಟ್. 1920ರ ದಶಕದಲ್ಲಿ ಅವರಿಗೊಂದು ಗೀಳು ಹತ್ತಿಕೊಂಡಿತು. ಮನೆಯ ತೋಟಕ್ಕೆ ಬರುವ ರಾಬಿನ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಲೋಹದ ಉಂಗುರ ತೊಡಿಸಿ ಬಿಟ್ಟುಬಿಡುವುದು. ಅವರಿಗೆ ಬಣ್ಣಗುರುಡು ಇತ್ತು. ಹಾಗಾಗಿ ಬಣ್ಣದ ಗೊಡವೆಯೇ ಬೇಡವೆಂದು ಒಂದೊಂದು ಹಕ್ಕಿಗೆ ಒಂದೊಂದು ಆಕಾರದ ಉಂಗುರ ಮಾಡಿಕೊಂಡರು. ಯಾವ ಹಕ್ಕಿ ಯಾವ ಬೇಲಿಯವರೆಗೆ ಬರುತ್ತದೆ, ಯಾವ ಪೊದೆಯ ಆಚೆಗೆ ಹೋಗುವುದೇ ಇಲ್ಲ ಎಂದು ದಿನವೂ ಗುರುತು ಹಾಕಿದರು. ಕೊನೆಗೆ ತೋಟದ ನಕ್ಷೆಯ ಮೇಲೆ ಹಕ್ಕಿಗಳ ಸರಹದ್ದುಗಳು ಮೂಡಿದವು. ಪಕ್ಷಿಶಾಸ್ತ್ರದವರು ಇಂದಿಗೂ ನೆನೆಯುವ ಕೆಲಸ ಅದು.

ಅವರ ಮಗ ಡೆನಿಸ್ ಹುಟ್ಟಿದ್ದು 1911ರಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ಕಲ್ಲೇಟಿಗೆ ಕನ್ನಡಕ ಒಡೆದು ಬಲಗಣ್ಣು ಹೋಯಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಅಪ್ಪನ ದಾರಿಯಲ್ಲೇ ಎಂಜಿನಿಯರಿಂಗ್ ಸೇರಿ, ಬಿಟ್ಟು, ವೈದ್ಯಕೀಯಕ್ಕೆ ಬಂದ. ಆಫ್ರಿಕಾಕ್ಕೆ ಹೋಗಬೇಕೆಂದು ಅರ್ಜಿ ಹಾಕಿದರೆ ವಸಾಹತು ಇಲಾಖೆಯವರು ಒಕ್ಕಣ್ಣಿನ ಸರ್ಜನ್ ಬೇಡವೆಂದರು. ಯುದ್ಧ ಬಂತು. ಯುದ್ಧಕಾಲದಲ್ಲಿ ಯಾರೂ ಕಣ್ಣು ಎಣಿಸುವುದಿಲ್ಲ. ಸೈನ್ಯದ ವೈದ್ಯನಾಗಿ ಪೂರ್ವ ಆಫ್ರಿಕಾ ಕಂಡು, 1946ರಲ್ಲಿ ಉಗಾಂಡಾಕ್ಕೆ ಬಂದು, ಎರಡು ವರ್ಷಗಳ ನಂತರ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ನೆಲೆ ನಿಂತರು ಡಾಕ್ಟರ್ ಡೆನಿಸ್ ಬರ್ಕಿಟ್.

ದವಡೆಯನ್ನು ಊದಿಸುವ ಮಕ್ಕಳ ಒಂದು ಕ್ಯಾನ್ಸರಿಗೆ ಇವರ ಹೆಸರಿದೆ: ಬರ್ಕಿಟ್ ಲಿಂಫೋಮಾ. ಇಂದು ನಮ್ಮ ಬಿಸ್ಕತ್ ಪೊಟ್ಟಣದ ಮೇಲೆ ಹೆಮ್ಮೆಯಿಂದ ಅಚ್ಚಾಗುವ ‘ಫೈಬರ್’ ಎಂಬ ಪದವನ್ನು ಜಗತ್ತಿನ ಅಡುಗೆಮನೆಗೆ ತಂದವರಲ್ಲೂ ಇವರೇ ಮುಖ್ಯರು. ಮಗುವಿನ ದವಡೆಗೂ ದೊಡ್ಡವರ ಕರುಳಿಗೂ ಎತ್ತಣ ಸಂಬಂಧ? ವೈದ್ಯಶಾಸ್ತ್ರದ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಸಂಪುಟಗಳು. ಬರ್ಕಿಟ್‌ರ ತಲೆಯಲ್ಲಿ ಮಾತ್ರ ಎರಡೂ ಒಂದೇ ನಕ್ಷೆಯ ಮೇಲಿದ್ದವು.

1957ರಲ್ಲಿ ಒಂದು ದಿನ ಮುಲಾಗೊದ ಮಕ್ಕಳ ವಾರ್ಡಿನಿಂದ ಹ್ಯೂ ಟ್ರೋವೆಲ್ ಎಂಬ ಹಿರಿಯ ವೈದ್ಯರು ಬರ್ಕಿಟ್‌ಗೆ ಹೇಳಿಕಳಿಸಿದರು. ಐದು ವರ್ಷದ ಹುಡುಗ. ಮುಖ ಊದಿಕೊಂಡು ಹಲ್ಲುಗಳು ಅಲ್ಲಾಡುತ್ತಿವೆ. ದವಡೆಗೆ ಕೀವು ತುಂಬಿದ್ದರೆ ಒಂದು ಕಡೆ ಊದಬೇಕು. ಗಡ್ಡೆಯಾದರೂ ಒಂದೇ ಕಡೆ ಇರಬೇಕು. ಈ ಹುಡುಗನಿಗೆ ಮೇಲೆ ಎರಡು, ಕೆಳಗೆ ಎರಡು, ನಾಲ್ಕೂ ಮೂಲೆಗಳಲ್ಲಿ ಊತ. ಸರ್ಜನ್ ಕೈಚೆಲ್ಲಿದರು. ಇಂಥದ್ದೊಂದನ್ನು ನೋಡಿ, ವಿಚಿತ್ರವೆಂದುಕೊಂಡು, ಮರೆತುಬಿಡುವುದು ವೈದ್ಯರ ಬದುಕಿನಲ್ಲಿ ಮಾಮೂಲು.

ಕೆಲವು ವಾರಗಳ ನಂತರ ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದಾಗ ಕಿಟಕಿಯಾಚೆ ಕಣ್ಣು ಹಾಯಿತು. ಹುಲ್ಲಿನ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಮಗು. ಅದೇ ಮುಖ. ಬರ್ಕಿಟ್ ಹೊರಗೆ ಓಡಿದರು. ಆ ಹುಡುಗಿಗೆ ದವಡೆಯಷ್ಟೇ ಅಲ್ಲ, ಹೊಟ್ಟೆಯಲ್ಲೂ ಗಡ್ಡೆಗಳು ಕೈಗೆ ಸಿಕ್ಕವು. ಇಬ್ಬರು ಮಕ್ಕಳು ಒಂದೇ ಥರ ಆದರೆ ಅದು ವಿಚಿತ್ರವಲ್ಲ, ಕಾಯಿಲೆ.

ಹಳೆಯ ಕಡತಗಳನ್ನು ತೆಗೆದು ಕೂತರು. ಒಂದು ಮಗುವಿನ ಚೀಟಿಯಲ್ಲಿ ದವಡೆಯ ಗಡ್ಡೆ, ಇನ್ನೊಂದರಲ್ಲಿ ಮೂತ್ರಪಿಂಡದ್ದು, ಮತ್ತೊಂದರಲ್ಲಿ ಅಂಡಾಶಯದ್ದು, ಯಕೃತ್ತಿನದ್ದು. ಅಂಗಕ್ಕೊಂದು ಹೆಸರು ಕೊಟ್ಟು ಬೇರೆ ಬೇರೆ ಕಟ್ಟುಗಳಲ್ಲಿ ಇಟ್ಟಿದ್ದರು. ಮಕ್ಕಳ ಕಡೆಯಿಂದ ನೋಡಿದಾಗ ಎಲ್ಲವೂ ಒಂದೇ ರೋಗದ ಹಲವು ಮುಖಗಳೆಂದು ಹೊಳೆಯಿತು. ಕಂಪಾಲಾದ ಮಕೆರೆರೆ ಕಾಲೇಜಿನಲ್ಲಿ ಜ್ಯಾಕ್ ಡೇವಿಸ್ ಎಂಬ ರೋಗಶಾಸ್ತ್ರಜ್ಞರು ಕ್ಯಾನ್ಸರ್ ನೋಂದಣಿಯನ್ನು ಅಚ್ಚುಕಟ್ಟಾಗಿ ಇಟ್ಟಿದ್ದರಿಂದ ಎಣಿಕೆ ಸಾಧ್ಯವಾಯಿತು. ಅಲ್ಲಿ ದಾಖಲಾದ ಮಕ್ಕಳ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧ ಇದೇ. ಇದು ಲಿಂಫ್ ಕಣಗಳ ಕ್ಯಾನ್ಸರ್ ಎಂದು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿದವರು ಗ್ರೆಗರಿ ಓಕಾನರ್ ಎಂಬ ಅಮೆರಿಕನ್. ಅರ್ಧ ಶತಮಾನದ ಹಿಂದೆಯೇ ಮೆಂಗೊ ಮಿಷನ್ ಆಸ್ಪತ್ರೆಯ ಆಲ್ಬರ್ಟ್ ಕುಕ್ ತಮ್ಮ ರೋಗಿಗಳ ಪುಸ್ತಕದಲ್ಲಿ ಇಂಥ ದವಡೆಯ ಚಿತ್ರ ಬರೆದಿಟ್ಟಿದ್ದರು. ಕಂಡವರಿಗೆ ಕೊರತೆಯಿರಲಿಲ್ಲ. ಕೂಡಿಸಿ ನೋಡಿದವರಿರಲಿಲ್ಲ.

1958ರಲ್ಲಿ ಬರ್ಕಿಟ್‌ರ ಲೇಖನ ಬ್ರಿಟಿಷ್ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಬಂತು. ಯಾರೂ ಹೆಚ್ಚು ಗಮನಿಸಲಿಲ್ಲ.

ಇಲ್ಲಿಂದ ಮುಂದೆ ಅವರು ಕೇಳಿದ ಪ್ರಶ್ನೆಯೇ ಈ ಕಥೆಯ ತಿರುಳು. ರೋಗ ಎಲ್ಲಿದೆ ಎಂದು ಯಾರಾದರೂ ಕೇಳುತ್ತಾರೆ. ಎಲ್ಲಿ ಇಲ್ಲ ಎಂದು ಕೇಳುವವರು ಕಡಿಮೆ. ಇರುವ ಕಡೆ ನೂರು ಕಾರಣಗಳು ಒಟ್ಟಿಗೇ ಇರುತ್ತವೆ. ಬಿಸಿಲಿದೆ, ಬಡತನವಿದೆ, ಸೊಳ್ಳೆಯಿದೆ, ಮರಗೆಣಸಿದೆ. ಯಾವುದನ್ನು ಹಿಡಿಯುವುದು? ಇಲ್ಲದ ಕಡೆ ಏನು ಕಡಿಮೆಯಾಗಿದೆ ಎಂದು ನೋಡಿದರೆ ಪಟ್ಟಿ ಸಣ್ಣದಾಗುತ್ತದೆ. ಅಪ್ಪನ ರಾಬಿನ್ ನಕ್ಷೆಯಲ್ಲೂ ಗೆರೆ ಬಿದ್ದದ್ದು ಹಕ್ಕಿ ಹೋಗದ ಜಾಗದಿಂದಲೇ.

ಊದಿದ ಮುಖದ ಚಿತ್ರ ಹಾಕಿ ಸಾವಿರಕ್ಕೂ ಹೆಚ್ಚು ಕರಪತ್ರ ಅಚ್ಚು ಹಾಕಿಸಿ ಆಫ್ರಿಕಾದುದ್ದಕ್ಕೂ ಸರ್ಕಾರಿ, ಮಿಷನ್ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು. “ಇಂಥ ಮಗುವನ್ನು ನೋಡಿದ್ದೀರಾ?” ಉತ್ತರ ಬಂದ ಹಾಗೆಲ್ಲ ಗೋಡೆಯ ನಕ್ಷೆಗೆ ಗುಂಡುಸೂಜಿ. ಆಫ್ರಿಕಾದ ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಸೂಜಿಗಳು ನಿಂತವು. ಪೂರ್ವದ ಕಡೆ ಆ ಪಟ್ಟಿಯಿಂದ ಒಂದು ಬಾಲ ಕರಾವಳಿಗುಂಟ ದಕ್ಷಿಣಕ್ಕೆ ಇಳಿದಿತ್ತು. ಈ ಬಾಲದ ತುದಿ ಎಲ್ಲಿ, ಅಂಚು ಯಾವುದು? ಕಾಗದದಲ್ಲಿ ಕೇಳಿದರೆ ತಿಳಿಯುವುದಲ್ಲ.

1961ರ ಅಕ್ಟೋಬರಿನಲ್ಲಿ 250 ಪೌಂಡಿಗೆ ಕೊಂಡ ಹಳೆಯ ಫೋರ್ಡ್ ಸ್ಟೇಷನ್ ವ್ಯಾಗನ್ ಹತ್ತಿ ಮೂವರು ಹೊರಟರು. ಬರ್ಕಿಟ್, ಕ್ಲಿಫ್ ನೆಲ್ಸನ್, ಟೆಡ್ ವಿಲಿಯಮ್ಸ್. ವಿಲಿಯಮ್ಸ್ ಮಿಷನರಿ ವೈದ್ಯರು, ಜೊತೆಗೆ ಗಾಡಿ ರಿಪೇರಿಯಲ್ಲಿ ನಿಸ್ಸೀಮರು. ಆ ರಸ್ತೆಗಳಲ್ಲಿ ಯಾವ ವಿದ್ಯೆ ಹೆಚ್ಚು ಉಪಯೋಗಕ್ಕೆ ಬಂತೆಂದು ಹೇಳಬೇಕಿಲ್ಲ. ಹತ್ತು ವಾರ, ಹತ್ತು ಸಾವಿರ ಮೈಲಿ, ಜೋಹಾನ್ಸ್‌ಬರ್ಗ್‌ವರೆಗೆ ಹೋಗಿ ವಾಪಸ್. ಪ್ರತಿ ಆಸ್ಪತ್ರೆಯಲ್ಲೂ ಫೋಟೊ ತೋರಿಸಿ ಅದೇ ಪ್ರಶ್ನೆ. ಕೋಟ್ಯಂತರ ರೂಪಾಯಿಯ ಯೋಜನೆಗಳ ಇಂದಿನ ಕಾಲದಲ್ಲಿ ಇದನ್ನು ಓದುವಾಗ ನನಗೆ ಹೊಟ್ಟೆಕಿಚ್ಚೂ ನಗುವೂ ಒಟ್ಟಿಗೆ ಬರುತ್ತವೆ.

ಮೊದಲು ಕಂಡದ್ದು ಎತ್ತರದ ಗೆರೆ. ಸಮಭಾಜಕದ ಬಳಿ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲೆ ಈ ರೋಗವಿಲ್ಲ. ರುವಾಂಡಾ, ಬುರುಂಡಿಯ ಬೆಟ್ಟಸೀಮೆಯಲ್ಲಿ ಇಲ್ಲ. ಆದರೆ ದಕ್ಷಿಣಕ್ಕೆ ಹೋದಂತೆ ಆ ಗೆರೆ ತಗ್ಗುತ್ತಾ ಮೊಜಾಂಬಿಕ್‌ನ ಕೆಳತುದಿಯಲ್ಲಿ ಸಮುದ್ರಮಟ್ಟಕ್ಕೇ ಇಳಿಯುತ್ತದೆ. ಎಂಟೆಬೆಯ ವೈರಸ್ ಸಂಶೋಧನಾಲಯದ ಅಲೆಕ್ಸಾಂಡರ್ ಹ್ಯಾಡೊ ಹಳದಿ ಜ್ವರ ಮತ್ತು ಸೊಳ್ಳೆಗಳ ಹಿಂದೆ ಬಿದ್ದವರು. ನಕ್ಷೆ ನೋಡಿದ ಕೂಡಲೇ ಗುಟ್ಟು ಅವರಿಗೆ ಹೊಳೆಯಿತು. ಇದು ಎತ್ತರದ ಗೆರೆಯಲ್ಲ, ಚಳಿಯ ಗೆರೆ! ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 16 ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಡೆ ರೋಗವಿಲ್ಲ. ಮಳೆ ತೀರಾ ಕಡಿಮೆಯಿರುವ ಕಡೆಯೂ ಇಲ್ಲ. ಬೆಚ್ಚಗಿರಬೇಕು, ಒದ್ದೆಯಿರಬೇಕು. ಸೊಳ್ಳೆ ಬದುಕಲು ಬೇಕಾದ್ದೂ ಅದೇ. ಹಾಗಾದರೆ ಸೊಳ್ಳೆ ಹರಡುವ ವೈರಸ್ಸಿನಿಂದ ಕ್ಯಾನ್ಸರ್ ಬರುತ್ತಿದೆಯೆ?

ಊಹೆ ತಪ್ಪಾಗಿತ್ತು. ಅದೃಷ್ಟ ನೋಡಿ, ತಪ್ಪು ಊಹೆಯೇ ಸರಿಯಾದ ಬಾಗಿಲು ತಟ್ಟಿತು. ಸಫಾರಿಗೂ ಮೊದಲು, 1961ರ ಮಾರ್ಚ್ 22ರಂದು ಬರ್ಕಿಟ್ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ಕೊಟ್ಟಿದ್ದರು. ಕೇಳಲು ಬಂದವರಲ್ಲಿ ಆಂಟನಿ ಎಪ್‌ಸ್ಟೀನ್ ಎಂಬ ತರುಣ ವಿಜ್ಞಾನಿಯಿದ್ದರು. ಅವರು ಕೋಳಿಗಳಿಗೆ ಕ್ಯಾನ್ಸರ್ ತರುವ ವೈರಸ್ಸನ್ನು ಅಭ್ಯಾಸ ಮಾಡುತ್ತಿದ್ದರು. ಮಳೆಗೂ ಬಿಸಿಲಿಗೂ ಬಗ್ಗುವಂತಿದೆ ಈ ಕ್ಯಾನ್ಸರ್ ಎಂಬ ಆರಂಭದ ಸುಳಿವು ಕೇಳಿದ್ದೇ ಅವರ ಕಿವಿ ನಿಮಿರಿತು. ಕಂಪಾಲಾದಿಂದ ಗಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು. ಎರಡು ವರ್ಷ ಏನೂ ಸಿಗಲಿಲ್ಲ.

1963ರ ಡಿಸೆಂಬರ್ 5ರಂದು ದಟ್ಟ ಮಂಜಿನಿಂದಾಗಿ ವಿಮಾನ ಮ್ಯಾಂಚೆಸ್ಟರಿಗೆ ಹೋಗಿ ಇಳಿಯಿತು. ತುಣುಕು ಎಪ್‌ಸ್ಟೀನ್‌ರ ಕೈ ಸೇರುವಾಗ ತಡವಾಗಿತ್ತು, ಸೀಸೆಯ ದ್ರವ ಕದಡಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆ ಎಂದು ಚೆಲ್ಲುವವರಿದ್ದರು. ಯಾವುದಕ್ಕೂ ಇರಲೆಂದು ಒಂದು ಹನಿ ನೋಡಿದರೆ, ಕದಡಿದ್ದು ಕೊಳೆಯಿಂದಲ್ಲ. ಗಡ್ಡೆಯಿಂದ ಬಿಡಿಬಿಡಿಯಾಗಿ ಉದುರಿದ ಜೀವಂತ ಕಣಗಳು ಈಜುತ್ತಿದ್ದವು. ಈ ಕಣಗಳಿಗೆ ಗಟ್ಟಿ ತುಣುಕಿಗಿಂತ ಹೀಗೆ ತೇಲುವುದೇ ಇಷ್ಟ. ಎಪ್‌ಸ್ಟೀನ್‌ರ ಸಹಾಯಕಿ ಇವೊನ್ ಬಾರ್ ಅವನ್ನು ಸಾಕಿ ಬೆಳೆಸಿದರು. 1964ರ ಫೆಬ್ರವರಿ 24ರಂದು ಎಪ್‌ಸ್ಟೀನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೊದಲ ನೋಟದಲ್ಲೇ ವೈರಸ್ ಕಂಡಿತು. ಎಲೆಕ್ಟ್ರಾನ್ ಕಿರಣಕ್ಕೆ ಮಾದರಿ ಎಲ್ಲಿ ಸುಟ್ಟುಹೋದೀತೋ ಎಂಬ ಭಯಕ್ಕೆ ಯಂತ್ರ ಆರಿಸಿ, ಕೋಟೂ ಇಲ್ಲದೆ ಹಿಮದಲ್ಲಿ ಒಂದು ಸುತ್ತು ನಡೆದುಬಂದು ಮತ್ತೆ ನೋಡಿದರಂತೆ. ಎಪ್‌ಸ್ಟೀನ್–ಬಾರ್ ವೈರಸ್. ಮನುಷ್ಯರ ಕ್ಯಾನ್ಸರಿಗೆ ನಂಟಿರುವ ಮೊದಲ ವೈರಸ್ ಸಿಕ್ಕಿದ್ದು ಹೀಗೆ.

ಅದು ಸೊಳ್ಳೆಯಿಂದ ಹರಡುವುದಲ್ಲ, ಎಂಜಲಿನಿಂದ. ಜಗತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದೊಡ್ಡವರ ಮೈಯಲ್ಲಿದೆ. ಇದನ್ನು ಓದುವ ನಿಮ್ಮಲ್ಲೂ ಬರೆಯುವ ನನ್ನಲ್ಲೂ ಬಹುಶಃ ಇದೆ. ಹಾಗಿದ್ದರೆ ಆ ಪಟ್ಟಿಯ ಮಕ್ಕಳಿಗೇ ಏಕೆ? ಸೊಳ್ಳೆ ಮತ್ತೆ ಬಂದದ್ದು ಈ ಪ್ರಶ್ನೆಯ ಉತ್ತರದಲ್ಲಿ, ಮಲೇರಿಯಾದ ಮೂಲಕ. ವರ್ಷವಿಡೀ ಫಾಲ್ಸಿಪಾರಂ ಮಲೇರಿಯಾಕ್ಕೆ ಸಿಕ್ಕ ಎಳೆಯ ಮೈಯಲ್ಲಿ ‘ಬಿ’ ಎಂಬ ಲಿಂಫ್ ಕಣಗಳು ಎಡೆಬಿಡದೆ ವಿಭಜನೆಯಾಗುತ್ತವೆ. ವೈರಸ್ಸು, ಸಾಯಬೇಕಾದ ಕಣವನ್ನು ಸಾಯಗೊಡುವುದಿಲ್ಲ. ಈ ಗದ್ದಲದಲ್ಲಿ ಎಂಟನೆಯ ವರ್ಣತಂತುವಿನ ಒಂದು ತುಂಡು ಮುರಿದು ಬೇರೆಡೆ, ಹೆಚ್ಚಾಗಿ ಹದಿನಾಲ್ಕನೆಯದಕ್ಕೆ, ಅಂಟಿಕೊಂಡರೆ ‘ಮಿಕ್’ ಎಂಬ ಜೀನು ಲಂಗುಲಗಾಮಿಲ್ಲದೆ ಓಡತೊಡಗುತ್ತದೆ. ಆಮೇಲೆ ಗಡ್ಡೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗುತ್ತದೆ. ಸೊಳ್ಳೆ ಹತೋಟಿ ಚೆನ್ನಾಗಿದ್ದ ಜಾಂಜಿಬಾರ್ ದ್ವೀಪ ಬೆಚ್ಚಗೂ ಒದ್ದೆಯಾಗಿಯೂ ಇದ್ದರೂ ಅಲ್ಲಿ ರೋಗ ವಿರಳವಾಗಿತ್ತು. ಬರ್ಕಿಟ್‌ರ ನಕ್ಷೆಯಲ್ಲಿ ಅದೂ ಒಂದು ಖಾಲಿ ಜಾಗ.

ಅಷ್ಟು ಬೇಗ ಬೆಳೆಯುವ ಗಡ್ಡೆಗೆ ಒಂದು ದೌರ್ಬಲ್ಯವೂ ಇದೆ. ವಿಭಜನೆಯನ್ನು ತಡೆಯುವ ಔಷಧಿ ಬಿದ್ದರೆ ಅಷ್ಟೇ ಬೇಗ ಕರಗುತ್ತದೆ. ಕಂಪಾಲಾದಲ್ಲಿ ವಿಕಿರಣ ಚಿಕಿತ್ಸೆ ಇರಲಿಲ್ಲ. ಕತ್ತಿ ಹಾಕಿದರೆ ಮಗುವಿನ ಮುಖವೇ ಹೋಗುತ್ತಿತ್ತು. ಉಳಿದ ದಾರಿ ಒಂದೇ. ನ್ಯೂಯಾರ್ಕಿನ ಕ್ಯಾನ್ಸರ್ ತಜ್ಞರ ನೆರವಿನಿಂದ ಮೆಥೊಟ್ರೆಕ್ಸೇಟ್ ಬಂತು, ಆಮೇಲೆ ಸೈಕ್ಲೊಫಾಸ್ಫಮೈಡ್. ಒಂದೆರಡು ಸೂಜಿಗೇ ಕೆಲವು ಮಕ್ಕಳ ಊತ ಇಳಿದು, ಹಳೆಯ ಮುಖ ಮರಳಿತು. ಕೆಲವರು ಹಾಗೆಯೇ ವರ್ಷಗಟ್ಟಲೆ ಬದುಕಿದರು. ಬರೀ ಔಷಧಿಯಿಂದ ಕ್ಯಾನ್ಸರ್ ವಾಸಿಯಾದೀತೆಂದು ನಂಬುವವರೇ ವಿರಳವಾಗಿದ್ದ ಕಾಲ ಅದು. ಅಂದಹಾಗೆ ಮೆಥೊಟ್ರೆಕ್ಸೇಟ್ ಹುಟ್ಟಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆ ನಡೆಸಿದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಸೋದರರನ್ನು ಬಲಿ ತೆಗೆದುಕೊಂಡು, ಅವರನ್ನೂ ಸಾವಿನ ಅಂಚಿಗೆ ಒಯ್ದದ್ದು ಸ್ಪ್ರೂ ಎಂಬ ಕರುಳಿನ ಕಾಯಿಲೆ. ಅದಕ್ಕೆ ಮದ್ದಾಗುವ ಫೋಲಿಕ್ ಆಮ್ಲವನ್ನು ತಯಾರಿಸಲು ಹೋಗಿ, ಅದರ ಎದುರಾಳಿಗಳೂ ಸಿಕ್ಕಿ, ಅವು ಮಕ್ಕಳ ಕ್ಯಾನ್ಸರಿನ ಔಷಧಿಗಳಾದವು. ಅದು ಬೇರೆಯೇ ಕಥೆ.

1966ರಲ್ಲಿ ಬರ್ಕಿಟ್ ಲಂಡನ್ನಿಗೆ ಮರಳಿದರು. ಐವತ್ತೈದು ವಯಸ್ಸು, ಜಗತ್ತಿಡೀ ಹೆಸರು. ಉಳಿದ ಕಾಲವನ್ನು ಸನ್ಮಾನಗಳಲ್ಲಿ ಕಳೆಯಬಹುದಿತ್ತು. ಆಗ ಪೀಟರ್ ಕ್ಲೀವ್ ಎಂಬ ನೌಕಾಪಡೆಯ ನಿವೃತ್ತ ವೈದ್ಯ ಗಂಟುಬಿದ್ದರು. ಯುದ್ಧಕಾಲದಲ್ಲಿ ‘ಕಿಂಗ್ ಜಾರ್ಜ್ ದ ಫಿಫ್ತ್’ ಯುದ್ಧನೌಕೆಯ ನಾವಿಕರಿಗೆ ಮಲಬದ್ಧತೆಗೆಂದು ಗೋಧಿ ತೌಡು ತಿನ್ನಿಸಿ ಗೆದ್ದವರು. ಮೈದಾ ಮತ್ತು ಬಿಳಿ ಸಕ್ಕರೆಯೇ ನಾಗರಿಕತೆಯ ಹತ್ತಾರು ರೋಗಗಳ ಮೂಲ ಎಂಬುದು ಅವರ ವಾದ. ವೈದ್ಯಲೋಕ ಅವರನ್ನು ಅರೆಹುಚ್ಚರೆಂದು ತೀರ್ಮಾನಿಸಿತ್ತು. ಬರ್ಕಿಟ್‌ಗೆ ಮಾತ್ರ ಎದೆ ಝಲ್ಲೆಂದಿತು. ಇಂಗ್ಲೆಂಡಿನ ಶಸ್ತ್ರಚಿಕಿತ್ಸಾ ವಾರ್ಡುಗಳು ತುಂಬಿರುವುದೇ ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ದೊಡ್ಡ ಕರುಳಿನ ಗೋಡೆಯಲ್ಲಿ ಚೀಲಗಳೇಳುವ ಡೈವರ್ಟಿಕ್ಯುಲರ್ ಕಾಯಿಲೆ, ಕರುಳಿನ ಕ್ಯಾನ್ಸರುಗಳಿಂದ. ಇಪ್ಪತ್ತು ವರ್ಷ ಉಗಾಂಡಾದಲ್ಲಿ ಹೊಟ್ಟೆ ಕೊಯ್ದ ತನಗೆ ಇವು ಎಷ್ಟು ಕಂಡವು? ಹಳ್ಳಿಗರಲ್ಲಿ ಇಲ್ಲವೆನ್ನುವಷ್ಟು.

ಮತ್ತೆ ಅದೇ ಪ್ರಶ್ನೆ. ಎಲ್ಲಿ ಇಲ್ಲ? ದವಡೆಗೆಂದು ಕಟ್ಟಿದ್ದ ಅಂಚೆಯ ಬಲೆ ಹೇಗೂ ಇತ್ತು. ಅದೇ ಮಿಷನ್ ಆಸ್ಪತ್ರೆಗಳಿಗೆ ಹೊಸ ಪ್ರಶ್ನಾವಳಿ ಹೋಯಿತು. ಮೊದಲ ಹುಡುಗನನ್ನು ತೋರಿಸಿದ್ದ ಟ್ರೋವೆಲ್ ಅಷ್ಟರಲ್ಲಿ ವೈದ್ಯವೃತ್ತಿ ಬಿಟ್ಟು ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದರು. ಅವರೂ ಜೊತೆಗೂಡಿದರು.

ಈಗ ನಮ್ಮ ಶಿಷ್ಟರು ಮೂಗು ಮುಚ್ಚಿಕೊಳ್ಳುವ ಭಾಗ. ನಮ್ಮಲ್ಲಿ ಈ ವಿಷಯಕ್ಕೆ ಹೆಸರೇ ಇಲ್ಲ. ‘ಹೊರಕಡೆ’, ‘ತಂಬಿಗೆ’, ‘ಕೆರೆ ಕಡೆ’ ಎಂದು ದಿಕ್ಕು ತೋರಿಸಿ ಸುಮ್ಮನಾಗುತ್ತೇವೆ. ಬರ್ಕಿಟ್ ಮಾತ್ರ ಮಲವನ್ನು ತಕ್ಕಡಿಯಲ್ಲಿಟ್ಟರು. ಕ್ಷಕಿರಣದಲ್ಲಿ ಕಾಣುವ ಪುಟ್ಟ ಗುಳಿಗೆಗಳನ್ನು ನುಂಗಿಸಿ, ಅವು ಎಷ್ಟು ಗಂಟೆಗೆ ಹೊರಬರುತ್ತವೆಂದು ಅವರ ತಂಡ ಲೆಕ್ಕ ಹಾಕಿತು. 1972ರಲ್ಲಿ ಅಲೆಕ್ ವಾಕರ್, ನೀಲ್ ಪೇಂಟರ್ ಜೊತೆಗೂಡಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಂಕಿಗಳು ಇವು: ಬ್ರಿಟನ್ನಿನ ನಾವಿಕರು ಮತ್ತು ಅವರ ಪತ್ನಿಯರಲ್ಲಿ ಉಂಡದ್ದು ಹೊರಬರಲು ಸರಾಸರಿ 83 ಗಂಟೆ, ದಿನದ ತೂಕ 104 ಗ್ರಾಂ. ಉಗಾಂಡಾದ ಹಳ್ಳಿಗರಲ್ಲಿ 36 ಗಂಟೆ, 470 ಗ್ರಾಂ. ಈ ಅಂತರಕ್ಕೆ ಕಾರಣ ಊಟದಲ್ಲಿನ ನಾರು, ಅಂದರೆ ಫೈಬರ್, ಎಂದರು ಬರ್ಕಿಟ್. ಉಪನ್ಯಾಸಗಳಲ್ಲಿ ಆಫ್ರಿಕಾದ ಪೊದೆಗಳ ನಡುವೆ ತೆಗೆದ ಮಲದ ಚಿತ್ರಗಳನ್ನೇ ಪರದೆಯ ಮೇಲೆ ತೋರಿಸುತ್ತಿದ್ದರು. ಮಲ ಚಿಕ್ಕದಾದ ದೇಶದಲ್ಲಿ ಆಸ್ಪತ್ರೆ ದೊಡ್ಡದಾಗುತ್ತದೆ ಎಂಬರ್ಥದ ಚಟಾಕಿ ಬೇರೆ. ಕುಕ್ಕರುಗಾಲಿನಲ್ಲಿ ಕೂರುವುದೇ ಒಳ್ಳೆಯದೆಂದೂ ಹೇಳಿದರು. ಆ ಹೊತ್ತಿಗೆ ನಾವಿಲ್ಲಿ ಕಮೋಡು ಕೂರಿಸುವುದನ್ನು ಅಂತಸ್ತಿನ ಗುರುತಾಗಿ ಮಾಡಿಕೊಳ್ಳುತ್ತಿದ್ದೆವು.

ಕನ್ನಡದಲ್ಲಿ ವ್ಯರ್ಥ ಕೆಲಸಕ್ಕೆ ‘ತೌಡು ಕುಟ್ಟುವುದು’ ಎನ್ನುತ್ತೇವೆ. 1993ರಲ್ಲಿ ತೀರಿಕೊಳ್ಳುವವರೆಗೆ, ಕಾಲು ಶತಮಾನ, ಬರ್ಕಿಟ್ ತೌಡನ್ನೇ ಕುಟ್ಟಿದರು. ವ್ಯರ್ಥವಾಯಿತೇ?

ಅರ್ಧ ಹೌದು ಎನ್ನಬೇಕು. ‘ಎಲ್ಲಿ ಇಲ್ಲ’ ಎಂಬ ಪ್ರಶ್ನೆಗೆ ಒಂದು ಹೊಂಡವಿದೆ. ದಾಖಲೆಯಲ್ಲಿ ಇಲ್ಲದ್ದೆಲ್ಲ ಊರಿನಲ್ಲಿ ಇಲ್ಲವೆಂದಲ್ಲ. ಮಗುವಿನ ಮುಖ ಊದಿದರೆ ತಾಯಿ ಮೈಲಿಗಟ್ಟಲೆ ನಡೆದಾದರೂ ಆಸ್ಪತ್ರೆ ಮುಟ್ಟುತ್ತಾಳೆ. ಅರವತ್ತು ದಾಟಿದ ರೈತ ಮಲದಲ್ಲಿ ರಕ್ತ ಕಂಡರೆ ಸುಮ್ಮನೆ ಮನೆಯಲ್ಲೇ ಸಾಯುತ್ತಾನೆ. ಅರವತ್ತು ದಾಟುವವರೇ ಕಡಿಮೆಯಿದ್ದ ಸೀಮೆಯಲ್ಲಿ ಮುದಿತನದ ರೋಗ ಕಾಣುವುದಾದರೂ ಹೇಗೆ? ದವಡೆಯ ಗಡ್ಡೆಗೆ ಹೊಂದಿದ ಉಪಾಯ ಕರುಳಿಗೆ ಅಷ್ಟು ಸಲೀಸಾಗಿ ಹೊಂದಲಿಲ್ಲ. ಮೇಲಾಗಿ ಬರ್ಕಿಟ್ ಒಂದೇ ಬೀಗದ ಕೈಯಿಂದ ಹತ್ತು ಬೀಗ ತೆಗೆಯಹೊರಟರು. ಭಕ್ತಿವಂತ ಕ್ರೈಸ್ತರಾದ ಅವರ ಮಾತಿನಲ್ಲಿ ಆಗಾಗ ಪ್ರವಚನದ ಧಾಟಿ ಇಣುಕುತ್ತಿತ್ತೆಂದು ನನಗನ್ನಿಸುತ್ತದೆ. 2000ದ ಏಪ್ರಿಲ್‌ನಲ್ಲಿ ಅಮೆರಿಕದ ಎರಡು ದೊಡ್ಡ ಪ್ರಯೋಗಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ನಾರು ಹೆಚ್ಚು ತಿಂದರೂ, ಮುಂದೆ ಕ್ಯಾನ್ಸರಾಗಬಹುದಾದ ಕರುಳಿನ ಪಾಲಿಪ್‌ಗಳು ಮತ್ತೆ ಹುಟ್ಟುವುದು ಕಡಿಮೆಯಾಗಲಿಲ್ಲ. ತೌಡಿನ ಮಾನ ಹೋಯಿತು.

ಉಳಿದರ್ಧ? 2003ರಲ್ಲಿ ಯುರೋಪಿನ ಹತ್ತು ದೇಶಗಳ ಅಧ್ಯಯನ ನಾರು ಹೆಚ್ಚು ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಎಂದಿತು. 2019ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿದಾಗಲೂ ಅದೇ ಉತ್ತರ. ದಿನಕ್ಕೆ 25ರಿಂದ 29 ಗ್ರಾಂ ನಾರು ಒಳ್ಳೆಯದೆಂದು ಲೆಕ್ಕವೂ ಸಿಕ್ಕಿತು. ಬರ್ಕಿಟ್ ಕಾರಣ ಹೇಳುವಲ್ಲಿ ಎಡವಿದ್ದರು. ನಾರೆಂದರೆ ಕೊಳಾಯಿ ತೊಳೆಯುವ ಪೊರಕೆ, ಬೇಗ ಗುಡಿಸಿ ಹಾಕಿದರೆ ವಿಷ ನಿಲ್ಲುವುದಿಲ್ಲ ಎಂದು ಅವರು ತಿಳಿದಿದ್ದರು. ನಿಜದಲ್ಲಿ ನಾರು ಕರುಳಿನ ಬ್ಯಾಕ್ಟೀರಿಯಾಗಳ ಊಟ. ಅವು ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕಣಗಳಿಗೆ ಅದೇ ಆಹಾರ, ಕಾವಲೂ ಅದೇ. 2015ರಲ್ಲಿ ಆಫ್ರಿಕನ್ ಮೂಲದ ಇಪ್ಪತ್ತು ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ ಇಪ್ಪತ್ತು ಹಳ್ಳಿಗರಿಗೂ ಎರಡು ವಾರ ಊಟ ಅದಲುಬದಲು ಮಾಡಿದ ಪ್ರಯೋಗವೊಂದು ನಡೆಯಿತು. ಮೆಕ್ಕೆಜೋಳ, ಕಾಳು ತಿಂದ ಅಮೆರಿಕನ್ನರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಉರಿಯೂತ ಇಳಿಯಿತು. ಬರ್ಗರ್ ತಿಂದ ಹಳ್ಳಿಗರಲ್ಲಿ ತದ್ವಿರುದ್ಧ. ಎರಡೇ ವಾರಕ್ಕೆ!

ದವಡೆಯ ಹುಡುಗನ ರೋಗಕ್ಕೂ ಕರುಳಿಗೂ ನೇರವಾದ ನಂಟೊಂದಿದೆ. ಆಫ್ರಿಕಾದ ಆ ಪಟ್ಟಿಯ ಹೊರಗೆ, ಉಳಿದ ಜಗತ್ತಿನಲ್ಲಿ ಬರ್ಕಿಟ್ ಲಿಂಫೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ದವಡೆಯಲ್ಲಿ ಅಲ್ಲ, ಮಗುವಿನ ಹೊಟ್ಟೆಯಲ್ಲಿ, ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲಿ. ಹೊಟ್ಟೆನೋವು, ವಾಂತಿ ಎಂದು ಬಂದ ಮಗುವಿಗೆ ಅಪೆಂಡಿಕ್ಸ್ ಇರಬೇಕೆಂದು ಹೊಟ್ಟೆ ತೆರೆದ ಸರ್ಜನ್ನರು ಗಡ್ಡೆ ಕಂಡು ಬೆಚ್ಚುವುದುಂಟು. ಸೌಕರ್ಯವಿರುವ ದೇಶಗಳಲ್ಲಿ ಇಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ರೋಗಕ್ಕೆ ಹೆಸರು ಸಿಕ್ಕ ಉಗಾಂಡಾದ ಸೀಮೆಯಲ್ಲಿ ಇನ್ನೂ ಆ ಮಟ್ಟ ಮುಟ್ಟಿಲ್ಲ. ಮಗು ತಡವಾಗಿ ಬರುತ್ತದೆ, ಇಲ್ಲವೇ ಔಷಧಿ ಅರ್ಧಕ್ಕೇ ನಿಲ್ಲುತ್ತದೆ.

ಆ ಉಗಾಂಡಾದ ಹಳ್ಳಿಗರು ಉಣ್ಣುತ್ತಿದ್ದುದರಲ್ಲಿ ನಮಗೆ ಚಿರಪರಿಚಿತವಾದ ಧಾನ್ಯವೊಂದಿತ್ತು: ರಾಗಿ. ಉಗಾಂಡಾದಿಂದ ಇಥಿಯೋಪಿಯಾದವರೆಗಿನ ಎತ್ತರದ ಸೀಮೆಯೇ ರಾಗಿಯ ತವರು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಹೊಲಕ್ಕೆ ಬಂತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಇದನ್ನು ಓದಿದಾಗ ನನಗೆ ನಮ್ಮೂರಿನ ಹಿತ್ತಲು ನೆನಪಾಯಿತು. ಮುದ್ದೆ ನುಣುಪಾಗಲೆಂದು ಅಮ್ಮ ರಾಗಿ ಹಿಟ್ಟಿಗೆ ಜರಡಿ ಹಿಡಿದು, ಮೇಲೆ ಉಳಿದ ತೌಡನ್ನು ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಎಮ್ಮೆ ಅದನ್ನು ಮೂತಿ ಮುಳುಗಿಸಿ ಕುಡಿಯುತ್ತಿತ್ತು. ಮನೆಯಲ್ಲಿ ಅಪ್ಪನಿಗೆ ಮೂಲವ್ಯಾಧಿಯಿತ್ತು, ಚಿಕ್ಕಪ್ಪನಿಗೆ ಮಲಬದ್ಧತೆ. ಎಮ್ಮೆಗೆ ಏನೂ ಇರಲಿಲ್ಲ.